ಚಕ್ರ ಇಳಿಬಿಟ್ಟ ವಿಮಾನ ಕಂಡ ಕೂಡಲೇ ಗಾಬರಿ ಹಬ್ಬಿಸಬೇಡಿ

ಪ್ರಯಾಣಿಕರ ವಿಮಾನವೊಂದು ಚಕ್ರ ಇಳಿಬಿಟ್ಟುಕೊಂಡು ತಗ್ಗಿನಲ್ಲಿ ಸುತ್ತು ಹೊಡೆದರೆ ಸಾಕು, ಅದರ ವಿಡಿಯೋ ವಾಟ್ಸಾಪ್ ಗುಂಪುಗಳಲ್ಲಿ ಓಡಾಡಲು ಶುರುವಾಗುತ್ತದೆ. ಕೆಳಗೆ ‘ಭಾರೀ ಅನಾಹುತ’ ಅಂತ ಒಕ್ಕಣೆ ಬೇರೆ. ಅದೇ ವಿಮಾನದಲ್ಲಿ ಮಗನೋ ಮಗಳೋ ಕೂತಿರುವ ಅಮ್ಮನಿಗೂ ಆ ಮೆಸೇಜು ಹೋಗುತ್ತದೆ ಅನ್ನುವುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಬಹಳ ಸಲ ಆ ಚಕ್ರ ಹೊರಗಿರುವುದೇ ಎಲ್ಲರೂ ಕ್ಷೇಮವಾಗಿ ಇಳಿಯಲಿ ಅಂತ.

ಮಾಮೂಲಿ ಕಾರಣಗಳನ್ನು ಮೊದಲು ಹೇಳಿಬಿಡುತ್ತೇನೆ. ಇಳಿಯಲು ಬರುವ ವಿಮಾನ ರನ್‌ವೇಗೆ ಇನ್ನೂ ಎಂಟು–ಹತ್ತು ಕಿಲೋಮೀಟರ್ ಇರುವಾಗಲೇ ಚಕ್ರ ಬಿಟ್ಟಿರುತ್ತದೆ. ಸಿಮ್ಯುಲೇಟರ್‌ನಲ್ಲಿ, ಅಂದರೆ ನೆಲದ ಮೇಲಿನ ನಕಲಿ ಕಾಕ್‌ಪಿಟ್‌ನಲ್ಲಿ, ಕಲಿತು ಬಂದ ಪೈಲಟ್‌ಗಳು ಖಾಲಿ ವಿಮಾನದಲ್ಲಿ ಏರುವುದು, ಇಳಿಯುವುದು, ಮತ್ತೆ ಏರುವುದು ಹೀಗೆ ಅಭ್ಯಾಸ ಮಾಡುವಾಗಲೂ ಕೆಲವೊಮ್ಮೆ ಚಕ್ರ ಹೊರಗೇ ಇರುತ್ತದೆ. ಚಕ್ರ ಮಡಚುವ ವ್ಯವಸ್ಥೆ ಕೆಟ್ಟರೆ, ಪ್ರಯಾಣಿಕರನ್ನು ಇಳಿಸಿ, ಹಾಗೆಯೇ ರಿಪೇರಿ ಜಾಗಕ್ಕೆ ಹಾರಿಸಿಕೊಂಡು ಹೋಗುವುದೂ ಉಂಟು.

ಜನರಿಗೆ ಅಷ್ಟಾಗಿ ಗೊತ್ತಿಲ್ಲದ ಕಾರಣ ಬಿಸಿ. ಬ್ರೇಕ್ ಹಾಕಿದಾಗ ಹುಟ್ಟುವ ಕಾವು ಅಷ್ಟು ಬೇಗ ಆರುವುದಿಲ್ಲ. ಹೊಟ್ಟೆಯೊಳಗಿನ ಗೂಡಿಗೆ ಚಕ್ರ ಮಡಚಿಕೊಂಡರೆ ಅಲ್ಲಿ ಗಾಳಿಯಾಡುವುದಿಲ್ಲ, ಪಕ್ಕದಲ್ಲೇ ಹೈಡ್ರಾಲಿಕ್ ಪೈಪು (ದ್ರವದ ಒತ್ತಡದಿಂದ ಚಕ್ರ, ಬ್ರೇಕು ನಡೆಸುವಂಥದ್ದು), ವೈರು. ಅದಕ್ಕೇ ಬ್ರೇಕ್ ಜಾಸ್ತಿ ಕಾದಿದ್ದರೆ ಸ್ವಲ್ಪ ಹೊತ್ತು ಚಕ್ರವನ್ನು ಗಾಳಿಗೆ ಬಿಟ್ಟು ಆರಿಸುತ್ತಾರೆ. ಕಾದ ಚಕ್ರ ಒಳಗೆ ಹೋದರೆ ಏನಾಗಬಹುದು ಅನ್ನುವುದಕ್ಕೆ 1991ರ ಜುಲೈ 11ರಂದು ಜೆದ್ದಾದಲ್ಲಿ ನಡೆದದ್ದನ್ನು ನೋಡಿ. ಹಜ್ ಮುಗಿಸಿದ ನೈಜೀರಿಯಾದ ಯಾತ್ರಿಕರನ್ನು ಊರಿಗೆ ಕರೆದೊಯ್ಯುತ್ತಿದ್ದ ಡಿಸಿ–8 ವಿಮಾನ ಅದು. ಟೈರ್‌ಗಳಲ್ಲಿ ಗಾಳಿ ಕಮ್ಮಿ ಇತ್ತು. ನೆಲದ ಮೇಲೆ ಓಡುವಾಗಲೇ ಕಾದು, ಹರಿದು, ಬೆಂಕಿ ಹತ್ತಿತು. ಪೈಲಟ್‌ಗಳಿಗೆ ಅದು ಗೊತ್ತಾಗಲಿಲ್ಲ. ಎಂದಿನಂತೆ ಚಕ್ರ ಮಡಚಿದರು. ಬೆಂಕಿಯೂ ಒಳಗೆ ಹೋಯಿತು. ವಿಮಾನದಲ್ಲಿದ್ದ 261 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಇನ್ನು ವಿಮಾನ ನಿಲ್ದಾಣದ ಕಂಟ್ರೋಲ್ ಟವರ್ ಪಕ್ಕದಲ್ಲೇ ತಗ್ಗಿನಲ್ಲಿ ಹಾದು ಹೋಗುವ ವಿಮಾನ. ಪೈಲಟ್‌ಗೆ ತನ್ನ ಚಕ್ರ ಕಾಣುವುದಿಲ್ಲ. ದೀಪ ನೋಡಿ, ಮೀಟರ್ ನೋಡಿ ತಿಳಿದುಕೊಳ್ಳಬೇಕು. ಅನುಮಾನ ಬಂದರೆ ಕೆಳಗಿರುವವರು ನೋಡಿ ಹೇಳಬೇಕು. 2005ರ ಸೆಪ್ಟೆಂಬರ್ 21ರಂದು ಕ್ಯಾಲಿಫೋರ್ನಿಯಾದ ಬರ್ಬ್ಯಾಂಕ್‌ನಿಂದ ನ್ಯೂಯಾರ್ಕ್‌ಗೆ ಹೊರಟ ಜೆಟ್‌ಬ್ಲೂ ವಿಮಾನದ ಮುಂದಿನ ಚಕ್ರ ಮಡಚಲಿಲ್ಲ. ಲಾಂಗ್ ಬೀಚ್ ಟವರ್ ಎದುರು ತಗ್ಗಿನಲ್ಲಿ ಹಾರಿದಾಗ, ಚಕ್ರ ಅಡ್ಡಕ್ಕೆ ತಿರುಗಿ ನಿಂತಿರುವುದು ಕೆಳಗಿನವರಿಗೆ ಕಂಡಿತು. ಆಮೇಲೆ ಎರಡು ಗಂಟೆಗೂ ಮಿಕ್ಕಿ ಸುತ್ತು ಹೊಡೆದರು. ಒಳಗಿದ್ದವರು ಸೀಟಿನ ಎದುರಿನ ಟಿವಿಯಲ್ಲಿ ತಮ್ಮದೇ ವಿಮಾನದ ನೇರಪ್ರಸಾರ ನೋಡಿದರಂತೆ! ಕೊನೆಗೆ ಲಾಸ್ ಏಂಜಲೀಸ್‌ನಲ್ಲಿ ಇಳಿದರು. ಟೈರ್ ಸುಟ್ಟು ಕಿಡಿ ಹಾರಿತು. ಒಬ್ಬರಿಗೂ ಗಾಯವಾಗಲಿಲ್ಲ. ಆ ಸುತ್ತಾಟ ಗೊಂದಲದಿಂದ ಆದದ್ದಲ್ಲ, ಅದೇ ಅವರ ಯೋಜನೆ.

ಯಾಕೆ ಸುತ್ತಬೇಕು? ತೂಕ ಇಳಿಸಲು. ಬೋಯಿಂಗ್ 737–800 ಸುಮಾರು 79 ಟನ್ ತೂಕದೊಂದಿಗೆ ಏರಬಲ್ಲದು. ಇಳಿಯುವಾಗ ಸುಮಾರು 66 ಟನ್ನೇ ಮಿತಿ. ಇಂಧನವನ್ನು ಆಕಾಶದಲ್ಲೇ ಚೆಲ್ಲುವ ವ್ಯವಸ್ಥೆ ಇದರಲ್ಲೂ ಇಲ್ಲ, ಏರ್‌ಬಸ್ 320ರಲ್ಲೂ ಇಲ್ಲ. ಸುಟ್ಟೇ ಕರಗಿಸಬೇಕು. ತಗ್ಗಿನಲ್ಲಿ, ದಟ್ಟ ಗಾಳಿಯಲ್ಲಿ, ಚಕ್ರ ಬಿಟ್ಟುಕೊಂಡು ಹಾರಿದರೆ ಇಂಧನ ಬೇಗ ಖರ್ಚಾಗುತ್ತದೆ.

ಹಾಗಂತ ಅಪಾಯವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಅಪಾಯ ಇದೆ, ಆದರೆ ನಾವು ಬೊಟ್ಟು ಮಾಡುವ ಕಡೆ ಇಲ್ಲ. 2000ದ ಜುಲೈ 12ರಂದು ಗ್ರೀಸ್‌ನ ಕ್ರೀಟ್ ದ್ವೀಪದಿಂದ ಜರ್ಮನಿಯ ಹ್ಯಾನೋವರ್‌ಗೆ ಹೊರಟ ಹಪಾಗ್–ಲಾಯ್ಡ್ ವಿಮಾನದ ಚಕ್ರ ಮಡಚಲಿಲ್ಲ. ಕ್ಯಾಪ್ಟನ್ ಪ್ರಯಾಣ ಮುಂದುವರಿಸಿದರು. ಹೊರಗಿದ್ದ ಚಕ್ರ ಗಾಳಿಗೆ ಒಡ್ಡುವ ತಡೆಯನ್ನು ಕಂಪ್ಯೂಟರ್‌ನ ಇಂಧನದ ಲೆಕ್ಕ ಹಿಡಿದಿರಲಿಲ್ಲ. ಇಂಧನ ಸಾಲದೆಂದು ಆಸ್ಟ್ರಿಯಾದ ವಿಯೆನ್ನಾ ಕಡೆ ತಿರುಗಿಸಿದರು. ಅಲ್ಲಿನ ರನ್‌ವೇಗೆ ಇನ್ನೇನು ತಲುಪಬೇಕು ಅನ್ನುವಾಗ ಎಂಜಿನ್‌ಗಳು ನಿಂತವು. ವಿಮಾನ ಹುಲ್ಲಿನ ಮೇಲೆ ಬಿತ್ತು. 150 ಜನರೂ ಬದುಕಿದರು, ಪುಣ್ಯ. 1972ರ ಡಿಸೆಂಬರ್‌ನಲ್ಲಿ ಅಮೆರಿಕದ ಮಯಾಮಿ ಹತ್ತಿರ ಈಸ್ಟರ್ನ್ ಏರ್‌ಲೈನ್ಸ್ ವಿಮಾನದ ಸಿಬ್ಬಂದಿ, ಮುಂದಿನ ಚಕ್ರದ ದೀಪ ಉರಿಯಲಿಲ್ಲವೆಂದು ಸುಮಾರು 2000 ಅಡಿ ಎತ್ತರದಲ್ಲಿ ಸುತ್ತುತ್ತಾ ಅದರ ಬಲ್ಬಿನಲ್ಲೇ ಮುಳುಗಿಬಿಟ್ಟರು. ವಿಮಾನ ನಿಧಾನಕ್ಕೆ ಕೆಳಗಿಳಿಯುತ್ತಿದ್ದದ್ದನ್ನು ಯಾರೂ ಗಮನಿಸಲಿಲ್ಲ. 101 ಜನ ಸತ್ತರು. ಚಕ್ರ ಸರಿಯಾಗಿಯೇ ಇಳಿದಿತ್ತು, ಬಲ್ಬು ಸುಟ್ಟಿತ್ತು ಅಷ್ಟೇ. ಎರಡೂ ಕಡೆ ವಿಮಾನ ಬೀಳಿಸಿದ್ದು ಚಕ್ರ ಅಲ್ಲ. ಒಂದು ಕಡೆ ಇಂಧನದ ಲೆಕ್ಕ, ಇನ್ನೊಂದು ಕಡೆ ಗಮನ. ಏನೇ ತೊಂದರೆ ಬಂದರೂ ಒಬ್ಬರು ವಿಮಾನ ಹಾರಿಸುವುದನ್ನು ಮಾತ್ರ ನೋಡಿಕೊಳ್ಳಬೇಕು ಅಂತ ಪೈಲಟ್‌ಗಳಿಗೆ ಇವತ್ತು ಅಷ್ಟು ಒತ್ತಿ ಕಲಿಸುವುದು ಇಂಥ ಸಾವುಗಳಿಂದಾಗಿಯೇ.

2024ರ ಅಕ್ಟೋಬರ್ 11ರ ಸಂಜೆ ತಿರುಚ್ಚಿಯಿಂದ ಶಾರ್ಜಾಕ್ಕೆ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಹೈಡ್ರಾಲಿಕ್ ತೊಂದರೆಯಿಂದ ಎರಡು ಗಂಟೆಗೂ ಹೆಚ್ಚು ಹೊತ್ತು ಊರಿನ ಮೇಲೆಯೇ ಸುತ್ತಿತು. ಒಳಗೆ 140ಕ್ಕೂ ಹೆಚ್ಚು ಜನ. ಆಂಬುಲೆನ್ಸು, ಫೈರ್ ಎಂಜಿನ್ನು ಸಾಲಾಗಿ ನಿಂತದ್ದನ್ನು ಟಿವಿಯವರು ಮತ್ತೆ ಮತ್ತೆ ತೋರಿಸಿದರು. ಅವು ನಿಲ್ಲುವುದು ಮುಂಜಾಗ್ರತೆಗೆ, ಅದು ನಿಯಮ. ವಿಮಾನ ಮಾಮೂಲಿಯಂತೆ ಇಳಿಯಿತು.

ನನ್ನ ಒತ್ತಾಯ ಇಷ್ಟೇ. ಇಂಥ ಹೊತ್ತಿನಲ್ಲಿ ಚಾನೆಲ್‌ಗಳು ಮೂರು ವಿಷಯ ವಿಚಾರಿಸಿ ಹೇಳಲಿ: ಎಷ್ಟು ಇಂಧನ ಇದೆ, ಯಾಕೆ ಸುತ್ತುತ್ತಿದೆ, ಸುಮಾರು ಎಷ್ಟು ಗಂಟೆಗೆ ಇಳಿಯುತ್ತದೆ. ಏರ್‌ಲೈನ್‌ನವರಿಗೆ ಮೂರೂ ಗೊತ್ತಿರುತ್ತವೆ. ಅವರು ಮನೆಯವರಿಗೆ ತಾವಾಗಿಯೇ ಫೋನ್ ಮಾಡಿ ತಿಳಿಸಬೇಕು, ಟಿವಿ ನೋಡಿ ತಿಳಿದುಕೊಳ್ಳುವ ಹಾಗೆ ಬಿಡಬಾರದು. ಮತ್ತೆ ನಾವು, ಕೆಳಗೆ ನಿಂತು ವಿಡಿಯೋ ತೆಗೆದವರು, ಅದು ಇಳಿಯುವವರೆಗಾದರೂ ಸುಮ್ನೆ ಇರಬಹುದು, ಅಲ್ವಾ?