ಒಂದೇ ಆಯ್ಕೆಯ ಪಟ್ಟಿ

ಆಯ್ಕೆ ಮಾಡಿಕೊಳ್ಳಿ ಎಂದು ಮುಂದಿಟ್ಟ ಪಟ್ಟಿಯಲ್ಲಿ ಒಂದೇ ಹೆಸರಿದ್ದರೆ ಅದನ್ನು ಪಟ್ಟಿಯೆನ್ನಬಹುದೇ ಎಂಬುದು ತರ್ಕಶಾಸ್ತ್ರ ಬಲ್ಲವರು ತೀರ್ಮಾನಿಸಬೇಕಾದ ವಿಷಯ. ವಿಂಡೋಸ್ ಬದಲಿಗೆ ಲಿನಕ್ಸ್ ನಡೆಸುವ ನನ್ನ ಲ್ಯಾಪ್‌ಟಾಪಿಗೆ ಮಾತ್ರ ಈ ಬಗ್ಗೆ ಯಾವ ಸಂದೇಹವೂ ಇರಲಿಲ್ಲ. ಸಾಫ್ಟ್‌ವೇರ್ ಅಪ್‌ಡೇಟ್ ಮುಗಿದು, ಯಂತ್ರ ರೀಸ್ಟಾರ್ಟ್ ಆಗಿ, ಪರದೆಯ ಮೇಲಿನ ಸಕಲವೂ ಊದಿಕೊಂಡು ಕಂಡಾಗ ನಾನು ಸೆಟ್ಟಿಂಗ್ಸ್ ತೆರೆದು ನೋಡಿದೆ. ಹಿಂದಿನ ದಿನದವರೆಗೂ 1920×1080ರಿಂದ ಹಿಡಿದು ಇಳಿಕೆಯ ಕ್ರಮದಲ್ಲಿ ಹಲವು ರೆಸಲ್ಯೂಶನ್‌ಗಳು, ಅಂದರೆ ಪರದೆಯ ಅಗಲ–ಎತ್ತರದ ಚುಕ್ಕೆಗಳ ಲೆಕ್ಕಗಳು, ಸಾಲುಗಟ್ಟಿ ನಿಂತಿರುತ್ತಿದ್ದ ಜಾಗದಲ್ಲಿ 1024×768 ಎಂಬುದೊಂದೇ ಉಳಿದಿತ್ತು. ಅದರ ಪಕ್ಕದಲ್ಲಿ ಕೆಳಮುಖದ ಬಾಣವೂ ಯಥಾಪ್ರಕಾರ ಇತ್ತು. ಒತ್ತಿದರೆ ಅದೇ 1024×768 ಮತ್ತೊಮ್ಮೆ ಇಳಿದು ಬಂದು ದರ್ಶನ ಕೊಡುತ್ತಿತ್ತು. ಕೊಂಡ ದಿನದಿಂದಲೂ ತನ್ನ ಮೈಗೇ ಅಂಟಿಕೊಂಡಿರುವ ಪರದೆಯನ್ನು ಯಂತ್ರವು ಈಗ ‘ಅನ್‌ನೋನ್ ಡಿಸ್‌ಪ್ಲೇ’ ಎಂದು ಕರೆಯುತ್ತಿತ್ತು.

1990ರಲ್ಲಿ ಐಬಿಎಂನವರು ಎಕ್ಸ್‌ಜಿಎ ಎಂಬ ಹೆಸರಿನಲ್ಲಿ ತಂದಾಗ 1024×768 ಬಹಳ ಗೌರವದ ಸಂಗತಿಯಾಗಿತ್ತು. ಆದರೆ ಅದರ ಅಗಲ–ಎತ್ತರದ ಪ್ರಮಾಣ 4:3, ನನ್ನ ಪರದೆಯದು 16:9. ಇಪ್ಪತ್ತು ಲಕ್ಷ ಎಪ್ಪತ್ತಮೂರು ಸಾವಿರಕ್ಕೂ ಮಿಕ್ಕಿದ ಚುಕ್ಕೆಗಳಿರುವ ಪರದೆಗೆ ಎಂಟು ಲಕ್ಷವೂ ತುಂಬದ ಚಿತ್ರವನ್ನು ಕೊಟ್ಟರೆ, ಅದು ಇದ್ದುದನ್ನೇ ಅಡ್ಡಡ್ಡಲಾಗಿ ಮೂರರಲ್ಲೊಂದು ಪಾಲು ಹೆಚ್ಚಿಗೆ ಎಳೆದು ಜಾಗ ತುಂಬಿಸಿಕೊಳ್ಳುತ್ತದೆ. ಇಂಗ್ಲಿಷ್ ಅಕ್ಷರಗಳು ಈ ಎಳೆತವನ್ನು ಹೇಗೋ ತಡೆದುಕೊಳ್ಳುತ್ತವೆ. ನಮ್ಮ ದುಂಡು ಲಿಪಿಗೆ ಅದು ಆಗಿಬರುವುದಿಲ್ಲ. ‘ಠ’ ಅಗಲಕ್ಕೆ ಹಿಗ್ಗಿ ಚಪ್ಪಟೆಯಾಗಿತ್ತು, ಅದರ ನಡುವಿನ ಚುಕ್ಕೆ ಅಡ್ಡಗೆರೆಯಾಗಿತ್ತು, ಒತ್ತಕ್ಷರಗಳ ಅಂಚು ಮೆಟ್ಟಿಲು ಮೆಟ್ಟಿಲಾಗಿ ಒಡೆದುಕೊಂಡಿತ್ತು.

‘ಅಲ್ಲಾ ರೀ, ಅಕ್ಷರ ಸಣ್ಣದು, ಕಣ್ಣಿಗೆ ಕಾಣಲ್ಲ ಅಂತ ಮೊನ್ನೆವರೆಗೂ ಗೊಣಗ್ತಿದ್ರಿ. ಈಗ ದೊಡ್ಡದಾಯ್ತು ಅಂತ ಗೊಣಗ್ತಿದೀರಿ’ ಎಂದಳು ನನ್ನ ಹೆಂಡತಿ. ಸಮಸ್ಯೆಯೇ ಇಲ್ಲವೆಂದು ಇಷ್ಟು ಚೊಕ್ಕವಾಗಿ ಸಾಧಿಸಿದವರಿಗೆ ರೆಸಲ್ಯೂಶನ್ನಿನ ಮಹತ್ವವನ್ನು ವಿವರಿಸುವುದು ಕಷ್ಟ.

ಈ ಅನರ್ಥ ಬೇರೆ ಯಾವಾಗ ಬಂದಿದ್ದರೂ ಸಹಿಸಿಕೊಳ್ಳಬಹುದಿತ್ತು. ನಮ್ಮ ಬಡಾವಣೆಯ ಸಹಕಾರ ಸಂಘದ ಸ್ಮರಣ ಸಂಚಿಕೆಯ ಪುಟವಿನ್ಯಾಸ ಆಗ ನನ್ನ ಲ್ಯಾಪ್‌ಟಾಪಿನಲ್ಲಿತ್ತು. ನಿವೃತ್ತ ಮೇಷ್ಟರಿಗೆ ಸಮಯ ಧಾರಾಳವಾಗಿರುತ್ತದೆಂಬ ಸಾರ್ವತ್ರಿಕ ನಂಬಿಕೆಯಿಂದ ಆ ಕೆಲಸ ನನ್ನ ಪಾಲಿಗೆ ಬಂದಿತ್ತು. ಅದೇ ದಿನ ಸಂಜೆ ಅಧ್ಯಕ್ಷರೂ ಕಾರ್ಯದರ್ಶಿಗಳೂ ಕರಡು ನೋಡಲು ಬಂದರು. ಅಧ್ಯಕ್ಷರು ಮೊದಲೇ ತುಂಬಿದ ಆಳು. ‘ಅಧ್ಯಕ್ಷರ ನುಡಿ’ಯ ಮೇಲಿದ್ದ ಅವರ ಭಾವಚಿತ್ರ ಈಗ ಪುಟವನ್ನೇ ಆಕ್ರಮಿಸುವ ಹುನ್ನಾರದಲ್ಲಿರುವಂತೆ ಕಾಣುತ್ತಿತ್ತು.

‘ಏನ್ ಮೇಷ್ಟ್ರೇ, ನಾನು ಇಷ್ಟೊಂದು ಊದಿದೀನಾ?’ ಎಂದರು.

ಇದು ಪರದೆಯ ದೋಷ, ಅಚ್ಚಿನಲ್ಲಿ ಸರಿಯಾಗಿಯೇ ಬರುತ್ತದೆ ಎಂದು ನಾನು ಸಮಜಾಯಿಷಿ ಕೊಟ್ಟೆ. ‘ಪರದೆ ಮೇಲೆ ಹೀಗಿರೋದು ಅಚ್ಚಿನಲ್ಲಿ ಹಾಗೆ ಹೇಗೆ ಬರುತ್ತೆ?’ ಎಂದು ಅವರು ಕೇಳಿದರು. ಕಡ್ಡಿಯಂತಿರುವ ಕಾರ್ಯದರ್ಶಿಗಳು ಮಾತ್ರ ತಮ್ಮ ಚಿತ್ರವಿದ್ದ ಪುಟವನ್ನು ಬಹಳ ಹೊತ್ತು ನೋಡಿದರೇ ಹೊರತು ಏನೂ ಹೇಳಲಿಲ್ಲ.

ರಾತ್ರಿ ಬೆಂಗಳೂರಿನಲ್ಲಿರುವ ಮಗನಿಗೆ ಫೋನ್ ಮಾಡಿದಾಗ ಕಾರಣದ ಎಳೆ ಸಿಕ್ಕಿತು. ಪ್ರತಿಯೊಂದು ಪರದೆಯಲ್ಲೂ ಇಡಿಐಡಿ ಎಂಬ 128 ಬೈಟಿನ ಪುಟ್ಟ ಜಾತಕವಿರುತ್ತದೆ. ತಯಾರಿಸಿದವರು ಯಾರು, ಅಳತೆಯೆಷ್ಟು, ಯಾವ ಯಾವ ರೆಸಲ್ಯೂಶನ್ ಒಪ್ಪುತ್ತದೆ ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ಅದನ್ನು ಓದಿ ಪಟ್ಟಿ ತಯಾರಿಸುವುದು, ಚಿತ್ರ ಮೂಡಿಸುವ ಚಿಪ್ಪನ್ನು ನಡೆಸುವ ಗ್ರಾಫಿಕ್ಸ್ ಡ್ರೈವರ್ ಎಂಬ ತಂತ್ರಾಂಶದ ಕೆಲಸ. ನನ್ನ ಯಂತ್ರದಲ್ಲಿರುವುದು ಒಂದೇ ಗ್ರಾಫಿಕ್ಸ್ ಚಿಪ್, ಅದರ ಡ್ರೈವರ್ ಆ ಚಿಪ್ಪಿನ ಕಂಪನಿಯವರೇ ಪ್ರತ್ಯೇಕವಾಗಿ ಕೊಡುವಂಥದ್ದು. ಲಿನಕ್ಸಿನ ತಿರುಳಾದ ಕರ್ನಲ್ ತನ್ನ ಒಳಗಿನ ವ್ಯವಸ್ಥೆ ಮುಂದೆಯೂ ಹೀಗೆಯೇ ಇರುತ್ತದೆಂದು ಹೊರಗಿನ ಡ್ರೈವರುಗಳಿಗೆ ಯಾವ ಭರವಸೆಯನ್ನೂ ಕೊಡುವುದಿಲ್ಲವಾದ್ದರಿಂದ, ಕರ್ನಲ್ ಬದಲಾದಾಗಲೆಲ್ಲ ಅಂಥ ಡ್ರೈವರನ್ನು ಹೊಸದಾಗಿ ಕಟ್ಟಬೇಕಾಗುತ್ತದೆ. ಈ ತಾಪತ್ರಯ ತಾನಾಗಿಯೇ ನೀಗಲೆಂದು ಡೆಲ್ ಕಂಪನಿಯ ಎಂಜಿನಿಯರುಗಳು 2003ರಲ್ಲಿ ಡಿಕೆಎಂಎಸ್ ಎಂಬ ಉಪಕರಣ ಬರೆದರು. ಆದರೆ ಅದಕ್ಕೂ ಹೊಸ ಕರ್ನಲ್ಲಿನ ಒಳರಚನೆಯನ್ನು ತಿಳಿಸುವ ಹೆಡರ್ ಫೈಲುಗಳು ಬೇಕು. ನನ್ನ ಯಂತ್ರದಲ್ಲಿ ಹೊಸ ಕರ್ನಲ್ ಬಂದಿತ್ತು, ಹೆಡರ್‌ಗಳು ಬಂದಿರಲಿಲ್ಲ. ಡ್ರೈವರ್ ಹುಟ್ಟಲೇ ಇಲ್ಲ. ಬೂಟ್ ಮಾಡುವಾಗ ಯಂತ್ರದೊಳಗೇ ಇರುವ ಮೂಲ ತಂತ್ರಾಂಶವಾದ ಫರ್ಮ್‌ವೇರ್ ಕೊಟ್ಟ ಚಿತ್ರದ ಅಳತೆಗೇ ಲಿನಕ್ಸ್ ತೃಪ್ತಿಪಟ್ಟುಕೊಂಡಿತು. ಬೆಳಕು ಹೆಚ್ಚು ಕಡಿಮೆ ಮಾಡುವ ಕೀಲಿಗಳು ಸತ್ತುಬಿದ್ದಿದ್ದೂ ಇದೇ ಕಾರಣಕ್ಕೆ.

ಕೆಟ್ಟದ್ದಕ್ಕೆ ನನಗೆ ಕೋಪವಿಲ್ಲ, ಯಂತ್ರಗಳು ಕೆಡುತ್ತವೆ. ಇಷ್ಟೆಲ್ಲ ಆದಮೇಲೂ ಅಪ್‌ಡೇಟ್ ‘ಯಶಸ್ವಿಯಾಗಿದೆ’ ಎಂದು ಸಾರಿಕೊಂಡು, ಡ್ರೈವರ್ ಇಲ್ಲವೆಂಬ ಮಾತನ್ನು ಲಾಗ್ ಎಂಬ ಸಾವಿರಾರು ಸಾಲಿನ ದಿನಚರಿಯಲ್ಲಿ ಎಲ್ಲೋ ಒಂದು ಕಡೆ ಬರೆದು ಕೈತೊಳೆದುಕೊಂಡಿತಲ್ಲ, ಅದಕ್ಕೆ. 2012ರಲ್ಲಿ ಫಿನ್‌ಲ್ಯಾಂಡಿನ ಆಲ್ಟೊ ವಿಶ್ವವಿದ್ಯಾಲಯದ ಸಭೆಯಲ್ಲಿ ಲಿನಕ್ಸ್ ಜನಕ ಲೀನಸ್ ಟೋರ್ವಾಲ್ಡ್ಸ್ ಗ್ರಾಫಿಕ್ಸ್ ಚಿಪ್ಪಿನ ಕಂಪನಿಯೊಂದಕ್ಕೆ ಕ್ಯಾಮೆರಾದ ಮುಂದೆಯೇ ನಡುಬೆರಳು ತೋರಿಸಿದ್ದರು. ಅಂಥ ಸಂಸ್ಕಾರ ನಮ್ಮ ಮನೆಯಲ್ಲಿಲ್ಲ. ಆದರೂ ಆ ರಾತ್ರಿ ಅವರ ಬಗ್ಗೆ ನನ್ನಲ್ಲಿ ಆಪ್ತಭಾವವೊಂದು ಮೂಡಿತು.

ಮಗ ಎಚ್ಚರಿಸುವಷ್ಟರಲ್ಲಿ ನಾನು ಇನ್ನೊಂದು ಸಾಹಸಕ್ಕೂ ಇಳಿದಾಗಿತ್ತು. ಆದೇಶಗಳನ್ನು ಬರೆದು ಕೊಡುವ ಕಿಟಕಿಯಾದ ಟರ್ಮಿನಲ್ಲಿನಲ್ಲಿ ‘ಸಿವಿಟಿ 1920 1080’ ಎಂದು ಬರೆದರೆ 173.00ರಿಂದ ಶುರುವಾಗುವ ಅಂಕಿಗಳ ಒಂದು ಸಾಲು ಬರುತ್ತದೆ. ಅದನ್ನು ‘ಎಕ್ಸ್‌ರ್‍ಯಾಂಡ್‌ಆರ್’ ಆದೇಶಕ್ಕೆ ಉಣಿಸಿದರೆ ಪಟ್ಟಿಗೆ ಹೊಸ ರೆಸಲ್ಯೂಶನ್ ಸೇರುತ್ತದೆ. ಡ್ರೈವರ್ ಇದ್ದಾಗ ಇದು ಒಳ್ಳೆಯ ಉಪಾಯವೇ. ಇಲ್ಲದಾಗ ಯಂತ್ರ ‘ಬ್ಯಾಡ್‌ಮ್ಯಾಚ್’ ಎಂಬ ತೀರ್ಪು ಕೊಡುತ್ತದೆ, ಅದೂ ಜಾತಕವನ್ನು ತೆರೆದೇ ನೋಡದೆ.

‘ಅಪ್ಪಾ, ಅದೆಲ್ಲಾ ಬಿಡಿ. ರೀಸ್ಟಾರ್ಟ್ ಮಾಡಿ ಎಸ್ಕೇಪ್ ಒತ್ತಿ, ಅಡ್ವಾನ್ಸ್‌ಡ್ ಆಪ್ಷನ್ಸ್ ಅಂತ ಬರುತ್ತೆ, ಅದರಲ್ಲಿ ಹಳೇ ಕರ್ನಲ್ ಇರುತ್ತೆ, ಅದನ್ನ ಆರಿಸ್ಕೊಳ್ಳಿ’ ಎಂದ. ಹೊಸ ಕರ್ನಲ್ ಹಾಕಿದರೂ ಹಳೆಯದೊಂದನ್ನು ಉಳಿಸಿಕೊಂಡಿರುವಷ್ಟು ವಿವೇಕ ಲಿನಕ್ಸಿಗಿದೆ. ಆರಿಸಿದೆ. ಪರದೆ ಒಮ್ಮೆ ಕಪ್ಪಾಗಿ, ಮರುಗಳಿಗೆಯಲ್ಲಿ ‘ಠ’ ದುಂಡಗಾಗಿ, ನಡುವಿನ ಚುಕ್ಕೆ ಚುಕ್ಕೆಯಾಗಿ ಕಂಡಿತು. ಆಮೇಲೆ ಅವನು ಹೇಳಿಕೊಟ್ಟಂತೆ ಕಾಣೆಯಾಗಿದ್ದ ಹೆಡರ್‌ಗಳನ್ನು ತರಿಸಿದೆ. ಡಿಕೆಎಂಎಸ್ ಏನೇನೋ ಗುನುಗುತ್ತಾ ಡ್ರೈವರನ್ನು ಕಟ್ಟಿ ಮುಗಿಸಿತು. ಹೊಸ ಕರ್ನಲ್ಲಿನಲ್ಲೂ ಪಟ್ಟಿ ಉದ್ದವಾಗಿಯೇ ತೆರೆದುಕೊಂಡಿತು. ಅದರಲ್ಲಿ ನಾನು ಎಂದೂ ಬಳಸದ 1024×768 ಕೂಡ ತನ್ನ ಸ್ಥಾನದಲ್ಲಿ ವಿನಯದಿಂದ ಕುಳಿತಿತ್ತು.

ಮರುದಿನ ಅಧ್ಯಕ್ಷರು ಬಂದು ನೋಡಿ, ‘ಹಾಂ, ಇದು ನಾನು’ ಎಂದು ಸಹಿ ಹಾಕಿ ಹೋದರು. ಕಾರ್ಯದರ್ಶಿಗಳು ಮಾತ್ರ ಹೊಸಿಲ ಬಳಿ ಚಪ್ಪಲಿ ಹಾಕಿಕೊಳ್ಳುತ್ತಾ ಸ್ವಲ್ಪ ಹಿಂದೆ ಉಳಿದು, ದನಿ ತಗ್ಗಿಸಿ ಕೇಳಿದರು: ‘ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ. ನನ್ನ ಫೋಟೋ ಒಂದನ್ನ ನಿನ್ನೆ ಇದ್ದ ಹಾಗೇ ಹಾಕೋಕೆ ಆಗುತ್ತಾ?’