ಅವನ ಮೈ ವಿಷಯ ನಿಮಗೆ ಬೇಡ

ಕಳೆದ ವಾರ ಬಾಯಿ ತಪ್ಪಿ ಒಂದು ಮಾತು ಅಂದೆ. ಜರ್ಮನಿಯ ಈ ಕಾರ್ಖಾನೆಯಲ್ಲಿ ನನ್ನ ಲೇತ್ ಪಕ್ಕದಲ್ಲೇ ಕೆಲಸ ಕಲಿಯುವ ಹುಡುಗನಿಗೆ 17 ವರ್ಷ, ಒಳ್ಳೆ ದಪ್ಪ. ರಜೆ ಮುಗಿಸಿ ಬಂದವನನ್ನು ‘ಏನಪ್ಪ, ಇನ್ನೂ ಊದಿದ್ದೀಯಲ್ಲ’ ಅನ್ನುವ ಧಾಟಿಯಲ್ಲಿ ಮಾತಾಡಿಸಿದೆ. ನಮ್ಮಲ್ಲಿ ಅದು ಕ್ಷೇಮ ಸಮಾಚಾರ, ಅಲ್ವಾ? ಹುಡುಗ ಕೆಂಪಾದ. ಸಂಜೆ ಕೆಲಸ ಕಲಿಸುವ ಹಿರಿಯರು ನನ್ನನ್ನು ಪಕ್ಕಕ್ಕೆ ಕರೆದು ‘ಅವನ ಮೈ ವಿಷಯ ನಿಮಗೆ ಬೇಡ’ ಅಂದರು. ಚುರುಕ್ ಅಂತು.

ಐಟಿಐ ಮುಗಿಸಿ ನಾನು ಅಪ್ರೆಂಟಿಸ್ ಆಗಿದ್ದಾಗ ನನ್ನ ಹೆಸರೇ ಡುಮ್ಮ. ಹಾಜರಿ ಪುಸ್ತಕದಲ್ಲಿ ಮಾತ್ರ ಬೇರೆ ಹೆಸರಿತ್ತು. ನಾನು ಏಣಿ ಹತ್ತಿದರೆ ಇಡೀ ಶೆಡ್ ಕೆಲಸ ಬಿಟ್ಟು ನೋಡುತ್ತಿತ್ತು. ಕಮ್ಮಿ ತಿನ್ನು ಅಂತ ಎಲ್ಲರೂ ಹೇಳುವವರೇ. ಸೆಕೆಂಡ್ ಶಿಫ್ಟ್ ಮುಗಿಸಿದ ಹುಡುಗ ಯಾವಾಗ ಮಲಗುತ್ತಾನೆ, ಆ ಹೊತ್ತಲ್ಲಿ ಅವನಿಗೆ ತಿನ್ನಲು ಏನು ಸಿಗುತ್ತೆ ಅಂತ ಕೇಳಿದವರು ಒಬ್ಬರೂ ಇಲ್ಲ.

ಇಲ್ಲಿ 18 ತುಂಬದವರು ಕೆಲಸಕ್ಕೆ ಸೇರುವ ಮುಂಚೆ ಡಾಕ್ಟರ ತಪಾಸಣೆ ಕಡ್ಡಾಯ, ಸೇರಿ ಒಂದು ವರ್ಷವಾದಾಗ ಇನ್ನೊಮ್ಮೆ. ಆದರೆ ವರದಿ ಮಾಲೀಕರ ಕೈಗೆ ಹೋಗುವುದಿಲ್ಲ. ಯಾವ ಕೆಲಸ ಇವನ ಆರೋಗ್ಯಕ್ಕೆ ಆಗಿಬರುವುದಿಲ್ಲ ಅನ್ನುವ ಚೀಟಿ ಮಾತ್ರ ಹೋಗುತ್ತದೆ. 6 ಗಂಟೆಗಿಂತ ಜಾಸ್ತಿ ಕೆಲಸವಿದ್ದರೆ ಇವರಿಗೆ 60 ನಿಮಿಷ ಬಿಡುವು ಕೊಡಲೇಬೇಕು. ಕಾರ್ಖಾನೆಗಳ ಆರೋಗ್ಯ ಕಾರ್ಯಕ್ರಮಕ್ಕೆ ಸಾರ್ವಜನಿಕ ಆರೋಗ್ಯ ವಿಮೆಯವರು ಕೈಜೋಡಿಸಬೇಕು ಅಂತ ಕಾನೂನೇ ಇದೆ. ನಮ್ಮ ಕಾರ್ಖಾನೆಯಲ್ಲಿ ಅಡುಗೆ ಕಲಿಸುತ್ತಾರೆ, ಭಾರ ಎತ್ತುವ ರೀತಿ ಹೇಳಿಕೊಡುತ್ತಾರೆ, ನಿದ್ದೆಯ ಬಗ್ಗೆ ಮಾತಾಡುತ್ತಾರೆ. ಕಡ್ಡಿ ಹಾಗಿರುವ ಹುಡುಗರೂ ಅಲ್ಲೇ ಕೂರುತ್ತಾರೆ. ತೂಕದ ಯಂತ್ರ ಯಾರೂ ತರುವುದಿಲ್ಲ. ದಪ್ಪಗಿರುವವರೆಲ್ಲ ಈ ಕಡೆ ಬನ್ನಿ ಅಂತ ಕರೆದಿದ್ದರೆ ಯಾರು ಬರುತ್ತಿದ್ದರು? ನಾನಂತೂ ಬಾತ್‌ರೂಮಲ್ಲಿ ಅಡಗುತ್ತಿದ್ದೆ.

ಇದಿಷ್ಟು ಬರೆದು ಸುಮ್ನೆ ಆಗೋಣ ಅಂತಿದ್ದೆ. ಆದರೆ ನನಗೆ ಡುಮ್ಮ ಅಂತ ಹೆಸರಿಟ್ಟ ಮೇಸ್ತ್ರಿಯೇ ಆಮೇಲೆ ಬೆಳಗ್ಗೆ ಐದೂವರೆಗೆ ನಮ್ಮ ಮನೆ ಮುಂದೆ ಸೈಕಲ್ ಬೆಲ್ ಹೊಡೆಯುತ್ತಿದ್ದರು. ‘ಏಳೋ ಡುಮ್ಮ’ ಅಂತ. ಸೈಕಲ್ ಹಿಂದೆ ಏದುಸಿರು ಬಿಡುತ್ತಾ ನಾನು, ಮಳೆ ಬಂದರೂ ಬಿಡದ ಅವರು, ಹೀಗೇ ಇಡೀ ಒಂದು ವರ್ಷ. ಇಲ್ಲಿ ಈ ಹುಡುಗ ಮೂರು ವಾರದಿಂದ ಅಡುಗೆ ಕ್ಲಾಸಿಗೆ ಬಂದಿಲ್ಲ. ಬರುವುದು ಬಿಡುವುದು ಅವನಿಷ್ಟ, ಹಾಗಾಗಿ ಯಾಕೆ ಅಂತ ಯಾರೂ ಕೇಳಿಲ್ಲ. ಆ 60 ನಿಮಿಷವೂ ಒಬ್ಬನೇ ಮೂಲೆಯಲ್ಲಿ ಫೋನ್ ನೋಡುತ್ತಾ ತಿನ್ನುತ್ತಾನೆ.

ನಿನ್ನೆ ಡಬ್ಬಿ ಎತ್ತಿಕೊಂಡು ಹೋಗಿ ಅವನ ಎದುರು ಕೂತೆ. ಫುಟ್ಬಾಲ್ ಬಗ್ಗೆ ಏನೇನೋ ಹೇಳಿದ. ನನಗೆ ಅರ್ಧ ತಿಳಿಯಲಿಲ್ಲ.