ಸ್ಪಷ್ಟನೆ: ಸಿಗ್ನಲ್ ಇಲ್ಲದ ಜೀಬ್ರಾ ಪಟ್ಟಿಯಲ್ಲಿ ದಾರಿ ಮೊದಲು ಪಾದಚಾರಿಗೆ

‘ಸಿಗ್ನಲ್ ದೀಪವಿಲ್ಲದ ಜೀಬ್ರಾ ಪಟ್ಟಿಯಲ್ಲಿ ವಾಹನ ನಿಲ್ಲಿಸಬೇಕಾಗಿಲ್ಲ, ಅಲ್ಲಿ ಅಪಘಾತವಾದರೆ ಪಾದಚಾರಿಗೆ ಪರಿಹಾರವೂ ಸಿಗುವುದಿಲ್ಲ’ ಎಂಬ ಸಂದೇಶವೊಂದು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದರ ಎರಡೂ ಮಾತುಗಳು ತಪ್ಪು.

ಕೇಂದ್ರ ಸರ್ಕಾರ 2017ರಲ್ಲಿ ಹೊರಡಿಸಿದ ಮೋಟಾರು ವಾಹನ ಚಾಲನಾ ನಿಯಮಾವಳಿಯ ಪ್ರಕಾರ, ಸಿಗ್ನಲ್ ಅಥವಾ ಪೊಲೀಸರ ನಿಯಂತ್ರಣವಿಲ್ಲದ ಪಾದಚಾರಿ ದಾಟುವಿಕೆಯನ್ನು ಸಮೀಪಿಸುವ ಚಾಲಕ ವೇಗ ತಗ್ಗಿಸಿ, ವಾಹನ ನಿಲ್ಲಿಸಿ, ನಡೆದು ಹೋಗುವವರಿಗೂ ಗಾಲಿಕುರ್ಚಿಯಲ್ಲಿರುವವರಿಗೂ ದಾರಿ ಬಿಡಬೇಕು. ಮುಂದೆ ವಾಹನಗಳು ಕಟ್ಟಿಕೊಂಡು, ಪಟ್ಟಿಯ ಮೇಲೆಯೇ ನಿಲ್ಲಬೇಕಾದೀತು ಎಂದಿದ್ದರೆ ಅದರೊಳಗೆ ನುಗ್ಗುವಂತೆಯೂ ಇಲ್ಲ. ಸಿಗ್ನಲ್ ಇರುವ ಕಡೆ ಪಾದಚಾರಿಯೂ ದೀಪಕ್ಕೆ ಕಾಯಬೇಕೆಂಬುದು ನಿಜ; ಬಹುಶಃ ಗೊಂದಲ ಹುಟ್ಟಿದ್ದು ಅಲ್ಲಿಂದಲೇ.

ಪರಿಹಾರದ ವಿಷಯವಂತೂ ಇನ್ನೂ ಸ್ಪಷ್ಟವಾಗಿದೆ. ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 164ನೇ ಕಲಮಿನಡಿ, ಚಾಲಕನ ತಪ್ಪನ್ನು ಸಾಬೀತುಪಡಿಸದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಕೇಳಬಹುದು. ಮನೆಯವರನ್ನು ಕಳೆದುಕೊಂಡವರು ಈ ಸಂದೇಶವನ್ನು ನಂಬಿ ಅರ್ಜಿಯನ್ನೇ ಹಾಕದೆ ಉಳಿದಾರು ಎಂಬುದೇ ನನ್ನ ಆತಂಕ.

ಹಾಗೆಂದು ಕಾನೂನನ್ನೇ ನೆಚ್ಚಿ ರಸ್ತೆಗಿಳಿಯಲಾಗದು. ಬಸ್ಸೊಂದು ನಿಂತು ದಾರಿ ಬಿಟ್ಟಾಗ, ಅದರ ಪಕ್ಕದಿಂದ ನುಗ್ಗುವ ಬೈಕಿನವನಿಗೆ ದಾಟುತ್ತಿರುವವರು ಕಾಣಿಸುವುದೇ ಇಲ್ಲ. ಆದ್ದರಿಂದ ಬಸ್ಸಿನ ಅಂಚಿನಲ್ಲಿ ಕ್ಷಣ ನಿಂತು, ಇಣುಕಿ ನೋಡಿಯೇ ಮುಂದಡಿ ಇಡಬೇಕು.

ದಯವಿಟ್ಟು ಆ ಸಂದೇಶವನ್ನು ಮುಂದಕ್ಕೆ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ, ಅದೇ ಗುಂಪಿಗೆ ಈ ವಿವರವನ್ನೂ ತಲುಪಿಸಿ.